ನಿಧಾನಕ್ಕೆ ಓಡೋಕೆ ಬರುತ್ತಾ?

ಜೂನ್ 4

ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಟ್ಟರೆ ಎಡ ಹಿಮ್ಮಡಿಗೆ ಯಾರೋ ಮೊಳೆ ಹೊಡೆದ ಹಾಗಾಯಿತು. ಅಯ್ಯೋ ಅಂದೆ. ಒಬ್ಬಳೇ ಇರುವುದರ ಸುಖ ಇದು, ಅಯ್ಯೋ ಅಂದರೆ ಏನಾಯ್ತು ಅಂತ ಕೇಳಲು ಯಾರೂ ಓಡಿ ಬರುವುದಿಲ್ಲ. ಬಗ್ಗಿ ನೋಡಿದೆ. ಮೊಳೆಯೂ ಇಲ್ಲ, ಮುಳ್ಳೂ ಇಲ್ಲ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ಇಳಿದಿತ್ತು. ಶೂ ಕಟ್ಟಿ ಹೊರಟೆ. ಶುರುವಿನಲ್ಲಿ ಸ್ವಲ್ಪ ಕುಂಟಿದೆ, ಬೆವರು ಬಂದ ಮೇಲೆ ಏನೂ ಇಲ್ಲ. ಅಂದರೆ ಇದು ಓಡಿದರೆ ಹೋಗುವ ನೋವು. ಓಡದವರಿಗೆ ಇದು ತಿಳಿಯುವುದಿಲ್ಲ, ಅವರು ಹಾಸಿಗೆ ಹಿಡಿದುಬಿಡುತ್ತಾರೆ.

ಈ ದಿನಚರಿ ಶುರು ಮಾಡಿದ್ದೇ ನವೆಂಬರಿನ ಓಟಕ್ಕಾಗಿ. ನಲವತ್ತು ದಾಟಿದ ಹೆಂಗಸರ ಹತ್ತು ಕಿಲೋಮೀಟರ್ ಓಟದಲ್ಲಿ ಎರಡು ವರ್ಷದಿಂದ ನಾನೇ ಮೊದಲು. ರೋಲಿಂಗ್ ಕಪ್ ನನ್ನ ಪಾರ್ಲರಿನಲ್ಲಿ ದೊಡ್ಡ ಕನ್ನಡಿಯ ಪಕ್ಕ ಕೂತಿದೆ. ಕೂದಲು ಕತ್ತರಿಸಿಕೊಳ್ಳಲು ಬಂದವರು ತಮ್ಮ ಮುಖ ನೋಡಿಕೊಳ್ಳುವ ಮೊದಲು ಅದನ್ನು ನೋಡುತ್ತಾರೆ. ನೋಡಲಿ ಅಂತಲೇ ಅಲ್ಲಿಟ್ಟಿದ್ದೇನೆ. ಮೂರನೇ ಸಲವೂ ಗೆದ್ದರೆ ವಾಪಸ್ ಕೊಡುವ ಮಾತೇ ಇಲ್ಲ, ಅದು ಶಾಶ್ವತವಾಗಿ ನನ್ನದು.

ಮಿಂಚು ಈ ವರ್ಷ ಜೋರು ತಯಾರಿ ಮಾಡುತ್ತಿದ್ದಾಳಂತೆ. ಮಿಂಚು ಅಂದರೆ ಬ್ಯಾಂಕಿನ ಕ್ಯಾಷಿಯರ್, ಎರಡು ವರ್ಷವೂ ನನ್ನ ಹಿಂದೆ ಎರಡನೆಯವಳಾಗಿ ಬಂದವಳು. ಆ ಹೆಸರು ಅವಳಿಗೆ ಯಾರು ಇಟ್ಟರೋ. ಹಾಗಾದರೆ ಮಿಂಚಿಗಿಂತ ಮುಂದೆ ಓಡುವವಳನ್ನು ಏನಂತ ಕರೆಯಬೇಕು?

ಜೂನ್ 5

ಅದೇ ಮೊಳೆ. ಅದೇ ಜಾಗ. ಓಡಿದೆ. ಹೋಯಿತು.

ಜೂನ್ 21

ನೀರಿನ ಟ್ಯಾಂಕಿನ ಏರು ರಸ್ತೆಯಲ್ಲಿ ಮೂರು ಸಲ ಹತ್ತಿ ಇಳಿದೆ. ನನ್ನಂತೆ ಏರು ಹತ್ತುವವರು ನಮ್ಮ ಓಟದ ಗುಂಪಿನಲ್ಲಿ ಗಂಡಸರಲ್ಲೂ ಕಡಿಮೆ. ಆದರೆ ಮಧ್ಯಾಹ್ನದ ಹೊತ್ತಿಗೆ ಮೊಳೆ ವಾಪಸ್ ಬಂತು. ಪಾರ್ಲರಿನಲ್ಲಿ ನಾನು ಕೂರುವವಳಲ್ಲ, ಹದಿನೆಂಟು ವರ್ಷದಿಂದ ನಿಂತೇ ಕತ್ತರಿ ಹಿಡಿದವಳು. ಇವತ್ತು ಮಾತ್ರ ಗಳಿಗೆಗೊಮ್ಮೆ ಬಲಗಾಲಿಗೆ ಭಾರ ಹಾಕುತ್ತಿದ್ದೆ.

ಸಂಜೆ ಮೆಟ್ಟಿಲ ಹತ್ತಿರ ಅತ್ತಿಗೆ ಹಿಡಿದರು. ಅಣ್ಣ ಅತ್ತಿಗೆ ಮೇಲಿನ ಮನೆ, ನಾನು ಕೆಳಗಿನ ಮನೆ, ಹಾಗಾಗಿ ತಪ್ಪಿಸಿಕೊಂಡು ಹೋಗಲು ದಾರಿಯಿಲ್ಲ.

"ಏನೇ ಇದು, ಕುಂಟ್ತಾ ಇದೀಯಾ?"

"ಶೂ ಹೊಸದು ಅತ್ತಿಗೆ."

"ನೀನು ಹಾಕ್ಕೊಂಡಿರೋದು ಚಪ್ಪಲಿ."

ಅತ್ತಿಗೆಯ ಕಣ್ಣು ಚುರುಕು. ಕಾಲು ಮಾತ್ರ ಚುರುಕಿಲ್ಲ. ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಗಾಡಿಗಳ ಹೊತ್ತು ಹೇಳುವ ಕೆಲಸ ಅವರದಾಗಿತ್ತು, ಜೀವಮಾನವೆಲ್ಲ ಕೂತವರು. ಈ ವರ್ಷ ಆ ಕೆಲಸಕ್ಕೆ ಯಂತ್ರದ ದನಿ ಬಂತು. ಅತ್ತಿಗೆಯನ್ನು ಪ್ರಯಾಣಿಕರು ಮರೆತುಹೋದ ಕೊಡೆ, ಚೀಲ ಕಾಯುವ ಕೋಣೆಗೆ ಹಾಕಿದರು. ಅಲ್ಲಿಂದೀಚೆಗೆ ಅವರಿಗೆ ಓಟದ ಹುಚ್ಚು. ಪಾರ್ಕಿನಲ್ಲಿ ನಿಧಾನ ಗುಂಪು ಅಂತ ಒಂದಿದೆ, ಅದರಲ್ಲೂ ಇವರು ಹಿಂದೆ. ಅದಕ್ಕೆ ಓಟ ಅಂತ ಹೆಸರಿಟ್ಟವರಿಗೆ ದೊಡ್ಡ ನಮಸ್ಕಾರ. ನಡೆಯುವವರು ಇವರನ್ನು ದಾಟಿ ಹೋಗುತ್ತಾರೆ. ನಾನು ಎದುರು ಸಿಕ್ಕರೆ ಅಷ್ಟು ದೂರದಿಂದಲೇ ಕೈಬೀಸುತ್ತಾರೆ. ನಾನು ಕೈಗಡಿಯಾರ ನೋಡಿಕೊಳ್ಳುತ್ತೇನೆ.

ಜುಲೈ 8

ಅತ್ತಿಗೆಯ ಕಾಟ ತಾಳಲಾರದೆ ಫಿಸಿಯೋ ಹತ್ತಿರ ಹೋದೆ. ದಪ್ಪ ಮೀಸೆ, ಬಡಗಿಯಂಥ ಕೈ. ಹಿಮ್ಮಡಿಯ ಒಳಮಗ್ಗುಲಿಗೆ ಹೆಬ್ಬೆರಳು ಒತ್ತಿದರು, ನಾನು ಮೇಜಿನಿಂದ ಒಂದು ಗೇಣು ಮೇಲೆದ್ದೆ.

"ಇಲ್ಲೇ ಅಲ್ವಾ?"

"ಇಲ್ಲೇ ಅಂತ ಗೊತ್ತಾದ್ಮೇಲೂ ಯಾಕೆ ಒತ್ತುತ್ತಾ ಇದೀರಿ ಡಾಕ್ಟ್ರೇ?"

ಪ್ಲಾಂಟರ್ ಫೇಶಿಯೈಟಿಸ್ ಅಂತೆ. ಹೆಸರು ಕೇಳಿದರೆ ಕುಂಡದಲ್ಲಿ ಬೆಳೆಸುವ ಗಿಡ ಅನ್ನಿಸುತ್ತದೆ. ಅಂಗಾಲಿನ ಅಡಿಯಲ್ಲಿ, ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ, ಒಂದು ಗಟ್ಟಿ ಪಟ್ಟಿ ಇರುತ್ತದಂತೆ. ಓಡಿ ಓಡಿ, ನಿಂತು ನಿಂತು, ಅದು ಹಿಮ್ಮಡಿಗೆ ಅಂಟಿಕೊಂಡ ಕಡೆ ಜಗ್ಗಿ ಜಗ್ಗಿ ಹದಗೆಟ್ಟಿದೆ. ರಾತ್ರಿ ಮಲಗಿದಾಗ ಬಿಗಿಯುತ್ತದೆ, ಬೆಳಿಗ್ಗೆ ಮೊದಲ ಹೆಜ್ಜೆಗೆ ಚೀರುತ್ತದೆ.

"ಓಟ ನಿಲ್ಲಿಸಿ. ಅಂಗಡಿಯಲ್ಲಿ ಕೂತು ಕೆಲಸ ಮಾಡಿ. ಮನೆ ಒಳಗೂ ಬರಿಗಾಲಲ್ಲಿ ಓಡಾಡಬೇಡಿ."

"ಎಷ್ಟು ದಿನ?"

"ದಿನದ ಲೆಕ್ಕ ಬೇಡ, ತಿಂಗಳುಗಳು ಅಂದ್ಕೊಳ್ಳಿ."

"ನವೆಂಬರಲ್ಲಿ ನನ್ನ ಓಟ ಇದೆ."

"ಅದು ನಿಮ್ಮ ಹಿಮ್ಮಡಿಗೆ ಗೊತ್ತಿಲ್ವಲ್ಲ ಮೇಡಂ."

ಹಾಸಿಗೆಯಿಂದ ಇಳಿಯುವ ಮೊದಲು ಟವೆಲನ್ನು ಪಾದಕ್ಕೆ ಸುತ್ತಿ ಎಳೆದುಕೊಳ್ಳಬೇಕು. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಅಂಗಾಲಿನಡಿ ಉರುಳಿಸಬೇಕು. ಮೆಟ್ಟಿಲ ತುದಿಯಲ್ಲಿ ಬೆರಳ ಕೆಳಗೆ ಬಟ್ಟೆ ಸುರುಳಿ ಇಟ್ಟು, ಒಂಟಿ ಕಾಲಲ್ಲಿ ನಿಧಾನಕ್ಕೆ ಹಿಮ್ಮಡಿ ಎತ್ತಿ ಇಳಿಸಬೇಕು. ಎಲ್ಲವೂ ನಿಧಾನಕ್ಕೆ. ಆ ಮನುಷ್ಯನ ಬಾಯಲ್ಲಿ ಬೇರೆ ಪದವೇ ಇಲ್ಲ.

ಜುಲೈ 9

ಟವೆಲು, ಬಾಟಲಿ, ಮೆಟ್ಟಿಲು. ಓಡಲಿಲ್ಲ.

ಜುಲೈ 10

ಓಡಲಿಲ್ಲ. ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ಬಂದ ಪಾಪದ ಹೆಂಗಸೊಬ್ಬರ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಜುಲೈ 27

ಬರೆಯಬಾರದು ಅಂದುಕೊಂಡಿದ್ದೆ, ಆದರೆ ಓಡಿದ್ದು ಅಷ್ಟು ಚೆನ್ನಾಗಿತ್ತು. ಬರೆಯುತ್ತೇನೆ.

ಹಾಲು ತರಲು ಅಂತ ಹೊರಟಿದ್ದೆ. ಕಾಲಲ್ಲಿ ಶೂ ಇತ್ತು, ಅದು ಆಕಸ್ಮಿಕ. ದೊಡ್ಡ ರಸ್ತೆಯಲ್ಲಿ ಮಿಂಚು ಓಡುತ್ತಿದ್ದಳು, ಬೆನ್ನು ನೆಟ್ಟಗೆ, ಜುಟ್ಟು ಅತ್ತಿತ್ತ. ನನ್ನನ್ನು ನೋಡಿ, "ಏನ್ರೀ, ಕಾಣೋದೇ ಇಲ್ಲ? ಓಟ ಬಿಟ್ಟುಬಿಟ್ರಾ?" ಅಂದಳು.

ಅಷ್ಟು ಸಾಕಾಯಿತು. ಹಾಲಿನ ಚೀಲ ಕೈಯಲ್ಲಿ ಹಿಡಿದೇ ಅವಳನ್ನು ಹಿಂದೆ ಹಾಕಿದೆ. ಸಿಗ್ನಲ್ ತನಕ, ಅಲ್ಲಿಂದ ಪೆಟ್ರೋಲ್ ಬಂಕ್ ತನಕ, ಆಮೇಲೆ ಅವಳ ಕಣ್ಣಿಗೆ ಬೀಳದಂತೆ ಗಲ್ಲಿಗೆ ತಿರುಗಿ ಗೋಡೆ ಹಿಡಿದು ನಿಂತೆ. ಮನೆಗೆ ಆಟೋದಲ್ಲಿ ಬಂದೆ.

ಆದರೂ ಹಿಂದೆ ಹಾಕಿದೆ.

ಜುಲೈ 28

ಶಾಲೆಯ ಹೆಡ್‌ಮಿಸ್ ನನ್ನ ಹಳೆಯ ಗಿರಾಕಿ. ಇವತ್ತು ಮುಂಗೂದಲು ಕತ್ತರಿಸಿಕೊಳ್ಳಲು ಬಂದರು, ನಾಳೆ ಶಾಲೆಯಲ್ಲಿ ಫೋಟೋ ತೆಗೆಯುತ್ತಾರಂತೆ. ಎಡಗಾಲು ನೆಲಕ್ಕೆ ಮುಟ್ಟಿಸುವ ಹಾಗಿರಲಿಲ್ಲ. ಬಲಗಾಲಲ್ಲಿ ಕೊಕ್ಕರೆಯಂತೆ ನಿಂತು ಕತ್ತರಿಸಿದೆ. ಸೊಂಟ ವಾಲಿತ್ತು, ಭುಜ ವಾಲಿತ್ತು, ಕತ್ತರಿಯೂ ವಾಲಿತು.

"ಗಾಳಿ ಬೀಸಿದ ಹಾಗಿದೆ ಅಲ್ವಾ?" ಅಂದರು ಹೆಡ್‌ಮಿಸ್ ಕನ್ನಡಿ ನೋಡುತ್ತಾ.

ಸರಿಮಾಡಲು ಬಲಕ್ಕೆ ಸ್ವಲ್ಪ ತೆಗೆದೆ. ಆಮೇಲೆ ಎಡಕ್ಕೆ ಸ್ವಲ್ಪ. ಮತ್ತೆ ಬಲಕ್ಕೆ. ಮುಗಿಯುವ ಹೊತ್ತಿಗೆ ಹಣೆ ಪೂರಾ ಬಯಲು. ಅವರು ಹಣೆ ಸವರಿಕೊಂಡರು. "ಪರವಾಗಿಲ್ಲ ಬಿಡಿ, ಬೆಳೆಯುತ್ತೆ," ಅಂದರು. ಬೈದಿದ್ದರೆ ಎಷ್ಟೋ ಹಿತವಾಗಿತ್ತು.

ಓಟದಲ್ಲಿ ಸೋಲೋದು ಬೇರೆ. ಕತ್ತರಿಯಲ್ಲಿ ನಾನು ಇದುವರೆಗೆ ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ.

ಆಗಸ್ಟ್ 3

ಗಾಲಿಯ ಸ್ಟೂಲು ತಂದೆ. ಕೂತು ಕತ್ತರಿಸಿದರೆ ಕಿವಿಯ ಹಿಂದಿನ ಗೆರೆ ಎಷ್ಟು ನೇರ ಬರುತ್ತದೆ ಗೊತ್ತೇ? ಕಣ್ಣು ಸರಿಯಾಗಿ ಕತ್ತಿನ ಎತ್ತರಕ್ಕೆ ಬರುತ್ತದೆ. ಕಾಲಲ್ಲಿ ತಳ್ಳಿಕೊಂಡು ಸುತ್ತ ಒಂದು ಸುತ್ತು ಬಂದರೆ ಕೆಲಸ ಮುಗೀತು. ಈ ಪದ್ಧತಿ ಊರಲ್ಲಿ ಯಾವ ಪಾರ್ಲರಿನಲ್ಲೂ ಇಲ್ಲ. ನಾನೇ ಮೊದಲು.

ಹೆಡ್‌ಮಿಸ್‌ಗೆ ಫೋನ್ ಮಾಡಿ ಕೂದಲು ಬೆಳೆಯುವ ತನಕ ಅವರ ಕೆಲಸವೆಲ್ಲ ನನ್ನ ಕಡೆಯಿಂದ ಪುಕ್ಕಟೆ ಅಂದೆ. "ಅಷ್ಟು ಬೇಗ ಬೆಳೆಯಲ್ಲ, ಯೋಚನೆ ಮಾಡಿ ಹೇಳಿ," ಅಂತ ನಕ್ಕರು.

ಆಗಸ್ಟ್ 18

ಸಂಜೆ ಮೆಟ್ಟಿಲ ಮೇಲೆ ಹಿಮ್ಮಡಿ ಎತ್ತಿ ಇಳಿಸುತ್ತಿದ್ದೆ. ಕೆಲಸದಿಂದ ಬಂದ ಅತ್ತಿಗೆ ಚೀಲ ಕೆಳಗಿಟ್ಟು, ಪಕ್ಕದಲ್ಲೇ ನಿಂತು ತಾವೂ ಎತ್ತಿ ಇಳಿಸತೊಡಗಿದರು.

"ನಿಮಗ್ಯಾಕೆ ಅತ್ತಿಗೆ?"

"ನಿನ್ನ ಕಾಲಿಗೆ ಒಳ್ಳೇದಾದ್ರೆ ನನ್ನ ಕಾಲಿಗೂ ಒಳ್ಳೇದಲ್ವಾ?" ನಾಲ್ಕು ಸಲ ಎತ್ತಿ ಇಳಿಸಿದ ಮೇಲೆ, "ನವೆಂಬರಿನ ಓಟಕ್ಕೆ ನಾನೂ ಹೆಸರು ಕೊಟ್ಟೆ ಕಣೇ," ಅಂದರು.

ನಾನು ಕಂಬಿ ಹಿಡಿದುಕೊಂಡೆ. "ಹತ್ತು ಕಿಲೋಮೀಟರ್ ಅತ್ತಿಗೆ. ಅದು ಬಸ್ಸಲ್ಲಿ ಹೋದ್ರೂ ಬೇಜಾರು ಬರೋವಷ್ಟು ದೂರ."

"ನಿಮ್ಮಣ್ಣನೂ ಹಾಗೇ ಅಂದ್ರು. ಅವರ ನಗು ಇನ್ನೂ ಮುಗಿದಿಲ್ಲ." ಅತ್ತಿಗೆ ಎತ್ತುವುದು ಇಳಿಸುವುದು ನಿಲ್ಲಿಸಲಿಲ್ಲ. "ಇಷ್ಟು ವರ್ಷ ಬೇರೆಯವರು ಓಡೋದನ್ನೇ ನೋಡಿದೀನಿ, ರೈಲು ಹಿಡಿಯೋಕೆ. ನಾನು ಹೊತ್ತು ಹೇಳ್ತಿದ್ದೆ, ಅವರು ಓಡ್ತಿದ್ರು. ಈಗ ಹೇಳೋ ಕೆಲಸ ಹೋಯ್ತು. ಕೊಡೆಗಳ ಮಧ್ಯೆ ಕೂತ್ಕೊಂಡು, ಯಾರಾದ್ರೂ ಬಂದು ಕರ್ಕೊಂಡು ಹೋಗ್ತಾರಾ ಅಂತ ನಾನೂ ಕಾಯ್ತಾ ಇದ್ದೀನಿ ಅನ್ಸುತ್ತೆ. ನಾನು ಮರೆತುಹೋದ ಸಾಮಾನಲ್ಲ ಕಣೇ."

"ಮಂಡಿ ನೇರ ಇಡಿ ಅತ್ತಿಗೆ," ಅಂದೆ. ನೇರ ಇಟ್ಟರು.

ಸೆಪ್ಟೆಂಬರ್ 6

ಫಿಸಿಯೋ ಸೈಕಲ್ ತುಳಿಯಬಹುದು ಅಂದಿದ್ದಾರೆ. ಹಾಗಾಗಿ ಅತ್ತಿಗೆಗೆ ನಾನೇ ಕೋಚ್. ಅವರು ಓಡುತ್ತಾರೆ, ನಾನು ಪಕ್ಕದಲ್ಲಿ ಸೈಕಲ್ ಮೇಲೆ. ಅವರ ವೇಗಕ್ಕೆ ಸೈಕಲ್ ಬೀಳದಂತೆ ಹಿಡಿಯುವುದೇ ಒಂದು ಕಸರತ್ತು. ಸರ್ಕಸ್ಸಿನವರಿಗೂ ಆಗಲಿಕ್ಕಿಲ್ಲ, ನನಗೆ ಆಗುತ್ತದೆ.

"ಭುಜ ಇಳಿಸಿ! ಕೈ ಮುಷ್ಟಿ ಮಾಡಬೇಡಿ! ನೆಲ ನೋಡಬೇಡಿ, ಅಲ್ಲೇನೂ ಬಿದ್ದಿಲ್ಲ!"

"ಉಸಿರಾಡೋದಕ್ಕಾದ್ರೂ ಬಿಡ್ತೀಯೇನೇ?"

ನಾನು ಓಡುವಾಗ ಈ ಪಾರ್ಕಿನಲ್ಲಿ ಇಷ್ಟು ಜನ ಇರುವುದು ಕಂಡೇ ಇರಲಿಲ್ಲ. ನಿಧಾನ ಗುಂಪಿನವರು ಒಬ್ಬೊಬ್ಬರೂ ಮಾತಾಡಿಸಿದರು. ಒಬ್ಬ ಅಜ್ಜ ಹೃದಯದ ಆಪರೇಷನ್ ಆದ ಮೇಲೆ ಓಡಲು ಶುರು ಮಾಡಿದವರು. ಸಣ್ಣ ಕೂಸನ್ನು ತಾಯಿಯ ಹತ್ತಿರ ಬಿಟ್ಟು ಬರುವವಳು ಒಬ್ಬಳು. ನನ್ನ ಕಾಲಿನ ವಿಷಯ ಎಲ್ಲರಿಗೂ ಗೊತ್ತು. ಅತ್ತಿಗೆ ಮೈಕಿಲ್ಲದೆಯೇ ಸಾರಿದ್ದಾರೆ.

ಸೆಪ್ಟೆಂಬರ್ 27

ಅತ್ತಿಗೆ ಇವತ್ತು ನೀರಿನ ಟ್ಯಾಂಕಿನ ಏರು ಹತ್ತಿದರು. ನಿಲ್ಲದೆ! ನಾನು ಸೈಕಲ್ ಇಳಿದು ತಳ್ಳಿಕೊಂಡು ಹೋಗಬೇಕಾಯಿತು, ಅವರು ಓಡಿಕೊಂಡೇ ಮೇಲೆ ಹೋದರು. ಮುಖ ಕೆಂಪು, ಕೂದಲು ಹಣೆಗೆ ಅಂಟಿತ್ತು, ಮೇಲೆ ಹೋಗಿ ಟ್ಯಾಂಕಿನ ಗೋಡೆಯನ್ನು ಎರಡೂ ಕೈಯಿಂದ ಬಡಿದರು.

ಪಾರ್ಲರಿಗೆ ಬಂದ ಎಲ್ಲರಿಗೂ ಹೇಳಿದೆ. ಎರಡು ಸಲ ಬಂದವರಿಗೆ ಎರಡು ಸಲ ಹೇಳಿದೆ. ಸಂಜೆ ಮೇಲೆ ಹೋಗಿ ಅಣ್ಣನಿಗೂ ಹೇಳಿದೆ. ಅಣ್ಣ ಗಡಿಯಾರ ರಿಪೇರಿಯವನು, ಕಣ್ಣಿಗೆ ಸಿಕ್ಕಿಸಿದ ಮಸೂರ ತೆಗೆಯದೆ, "ಟ್ಯಾಂಕಿನ ಏರಾ? ಇವಳಾ?" ಅಂದ.

"ಹೌದು, ಇವರೇ. ನೀನು ಹತ್ತಿ ತೋರಿಸು ನೋಡೋಣ," ಅಂದೆ. ಮಸೂರ ತೆಗೆದ.

ಕಲಿಸಿದ್ದು ನಾನು ಅನ್ನುವುದನ್ನೂ ಇಲ್ಲಿ ಬರೆದಿಡಬೇಕು.

ಅಕ್ಟೋಬರ್ 12

ಫಿಸಿಯೋ ಒತ್ತಿದ ಕಡೆ ಈಗ ಸಣ್ಣ ನೋವು ಅಷ್ಟೇ. ಬೆಳಿಗ್ಗೆ ಮಂಚ ಇಳಿಯುವಾಗ ಗೋಡೆ ಬೇಕಾಗುವುದಿಲ್ಲ. ಒಂಟಿ ಕಾಲಲ್ಲಿ ಕುಪ್ಪಳಿಸಿ ತೋರಿಸಿದೆ. ಅವರು ಮೀಸೆ ತಿರುವಿದರು.

"ಇನ್ಮೇಲೆ ಸ್ವಲ್ಪ ಓಡಿ, ಸ್ವಲ್ಪ ನಡೀರಿ. ದಿನ ಬಿಟ್ಟು ದಿನ. ನೋವು ಜಾಸ್ತಿ ಆದ್ರೆ ನಿಲ್ಲಿಸಿ."

"ಹಾಗಾದ್ರೆ ನವೆಂಬರ್?"

"ಹತ್ತು ಕಿಲೋಮೀಟರ್ ಮುಗಿಸಬಹುದು. ಗೆಲ್ಲೋಕೆ ಓಡಿದ್ರೆ ಮತ್ತೆ ಮೊದಲಿಂದ ಶುರು, ಆಮೇಲೆ ನನ್ನನ್ನ ಕೇಳಬೇಡಿ." ನನ್ನ ಮುಖ ನೋಡಿದರು. "ಮೇಡಂ, ಒಂದು ಮಾತು ಕೇಳ್ತೀನಿ. ನಿಮಗೆ ನಿಧಾನಕ್ಕೆ ಓಡೋಕೆ ಬರುತ್ತಾ?"

"ಅದೇನು ಮಹಾ?" ಅಂದೆ.

ಅಕ್ಟೋಬರ್ 13

ಬರುವುದಿಲ್ಲ.

ಅತ್ತಿಗೆಯ ಜೊತೆ ಹೊರಟೆ. ನಾಲ್ಕು ಹೆಜ್ಜೆಗೆ ನಾನು ಮುಂದೆ. ನಿಂತೆ. ಅವರು ಬಂದರು. ಮತ್ತೆ ನಾನು ಮುಂದೆ. ಕಾಲಿಗೆ ಲಗಾಮು ಹಾಕಿದ ಹಾಗೆ, ತೊಡೆ ನಡುಗಿತು. ಕೊನೆಗೆ ಅತ್ತಿಗೆ ನನ್ನ ಅಂಗಿಯ ತೋಳು ಹಿಡಿದುಕೊಂಡರು, ರಸ್ತೆ ದಾಟಿಸುವ ಹಾಗೆ.

"ಮಾತಾಡ್ತಾ ಓಡು. ಮಾತಾಡೋಕೆ ಆಗ್ತಾ ಇದೆ ಅಂದ್ರೆ ಸರಿಯಾದ ವೇಗ."

"ಏನು ಮಾತಾಡ್ಲಿ?"

"ಮಾತಿಗೆ ನಿನಗೆ ಬರವೇನೇ?"

ಮಾತಾಡಿದೆ. ಪಾರ್ಕು ಮುಗಿದದ್ದೇ ತಿಳಿಯಲಿಲ್ಲ. ಕೋಚ್ ಈಗ ಯಾರು ಅಂತ ಅತ್ತಿಗೆ ಕೇಳಿದರು. ಕೇಳಿಸದ ಹಾಗೆ ಇದ್ದೆ.

ನವೆಂಬರ್ 7

ಕಪ್ ವಾಪಸ್ ಕೊಟ್ಟು ಬಂದೆ. ಬೇರೆಯವರ ಕೈಯಲ್ಲಿ ಕಳಿಸಬಹುದಿತ್ತು, ಆದರೆ ಗೆದ್ದು ತಂದವಳು ನಾನು, ತಲೆಯೆತ್ತಿ ಕೊಟ್ಟು ಬರುವವಳೂ ನಾನೇ ಆಗಬೇಕು. ಹೊಳೆಯುವ ಹಾಗೆ ಉಜ್ಜಿದ್ದೆ. ಓಟ ನಡೆಸುವ ಹಿರಿಯರಿಗೆ ಸೀಟಿ ಮಾಮ ಅಂತ ಹೆಸರು, ಕುತ್ತಿಗೆಯಲ್ಲಿ ಯಾವಾಗಲೂ ಸೀಟಿ. ಕಪ್ಪನ್ನು ತಿರುಗಿಸಿ ನೋಡಿ, "ಇಷ್ಟು ಚೊಕ್ಕಟವಾಗಿ ಯಾರೂ ವಾಪಸ್ ಕೊಟ್ಟಿಲ್ಲಮ್ಮ," ಅಂದರು. "ಈ ಸಲ ಓಡಲ್ವಾ?"

"ಓಡ್ತೀನಿ ಮಾಮ. ಗೆಲ್ಲಲ್ಲ."

ಹೊರಗೆ ಮಿಂಚು ಸಿಕ್ಕಿದಳು. ನನ್ನ ಹಿಮ್ಮಡಿಯ ಕಥೆ ಕೇಳಿ, "ನನಗೂ ಆಗಿತ್ತಲ್ಲ, ಹೋದ ವರ್ಷ. ಹೇಗೋ ಓಡಿಬಿಟ್ಟೆ. ಓಟ ಮುಗಿದ ಮೇಲೆ ಒಂದು ವಾರ ಕ್ಯಾಷ್ ಕೌಂಟರಿಗೆ ಕುಂಟಿಕೊಂಡೇ ಹೋದೆ," ಅಂದಳು.

ಹೋದ ವರ್ಷ ಅವಳು ನನಗಿಂತ ಒಂದು ನಿಮಿಷವೂ ಹಿಂದಿರಲಿಲ್ಲ. ಈ ವಿಷಯ ಈಗ ಹೇಳುವ ಅಗತ್ಯ ಏನಿತ್ತೋ.

ಟವೆಲ್ ಎಳೆಯುವ ಕ್ರಮ ಅವಳಿಗೂ ತೋರಿಸಿದೆ. ತಪ್ಪಾಗಿ ಮಾಡುತ್ತಿದ್ದಳು.

ನವೆಂಬರ್ 15

ಎಲ್ಲವನ್ನೂ ಬರೆಯಬೇಕು, ಒಂದೂ ಬಿಡಬಾರದು.

ನಾನು ಎಂದೂ ಸಾಲಿನ ಹಿಂದೆ ನಿಂತವಳಲ್ಲ. ಮುಂದೆ ನಿಂತರೆ ರಸ್ತೆ ಮಾತ್ರ ಕಾಣುತ್ತದೆ, ಹಿಂದೆ ನಿಂತರೆ ಬರೀ ಬೆನ್ನುಗಳು. ಸೀಟಿ ಊದಿದರು. ಜನ ಹೊಳೆಯಂತೆ ಹರಿದು ಹೋದರು, ನಮ್ಮ ಪಾಲಿಗೆ ಖಾಲಿ ರಸ್ತೆ ಉಳಿಯಿತು. ಅತ್ತಿಗೆ ನನ್ನ ತೋಳು ಹಿಡಿಯಲಿಲ್ಲ, ನಾನೇ ಸರಿಯಾಗಿ ಓಡುತ್ತಿದ್ದೆ. ಸ್ವಲ್ಪ ಓಟ, ಸ್ವಲ್ಪ ನಡಿಗೆ. ಆಪರೇಷನ್ ಅಜ್ಜ ಅರ್ಧ ದಾರಿಯಲ್ಲಿ ನಮ್ಮನ್ನು ದಾಟಿ ಹೋಗುತ್ತಾ ಟೋಪಿ ಎತ್ತಿದರು. ಅಲ್ಲಿಗೆ ನಮ್ಮ ಹಿಂದೆ ಯಾರೂ ಇಲ್ಲ, ಓಡಲಾರದವರನ್ನು ಹತ್ತಿಸಿಕೊಳ್ಳುವ ವ್ಯಾನ್ ಬಿಟ್ಟರೆ.

ಏಳನೇ ಕಿಲೋಮೀಟರ್ ದಾಟಿದ ಮೇಲೆ ಅತ್ತಿಗೆಗೆ ಪಕ್ಕೆ ಹಿಡಿದುಕೊಂಡಿತು. ಫುಟ್‌ಪಾತಿನ ಅಂಚಿಗೆ ಕೂತುಬಿಟ್ಟರು. ಮುಖ ಬೂದಿಯಾಗಿತ್ತು.

"ನೀನು ಹೋಗೇ. ನಿನ್ನ ಕಾಲು ಚೆನ್ನಾಗಿದೆ, ನನಗೆ ಗೊತ್ತಾಗುತ್ತೆ. ಇನ್ನೂ ಎಷ್ಟೋ ಜನರನ್ನ ಹಿಂದೆ ಹಾಕ್ತೀಯಾ."

ನಿಜ. ಮುಂದೆ ರಸ್ತೆ ಇಳಿಜಾರು, ದೂರದಲ್ಲಿ ಬಣ್ಣಬಣ್ಣದ ಬೆನ್ನುಗಳು ಕಾಣುತ್ತಿದ್ದವು, ಒಂದೊಂದನ್ನೂ ಹಿಡಿಯಬಹುದಿತ್ತು.

"ಮಾತಾಡಬೇಡಿ, ಉಸಿರು ಹೊರಗೆ ಬಿಡಿ, ಪೂರ್ತಿ ಬಿಡಿ," ಅಂತ ಅವರ ಬೆನ್ನ ಮೇಲೆ ಕೈಯಿಟ್ಟು ಕೂತೆ.

ವ್ಯಾನ್ ಬಂದು ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ, "ಅಮ್ಮಾ, ಹತ್ತಿ. ಹೊತ್ತಾಯ್ತು, ಓಟ ಮುಗಿಯೋ ಕಡೆ ಗೇಟ್ ಬಿಚ್ಚೋಕೆ ಶುರು ಮಾಡ್ತಾರೆ," ಅಂದ.

ನಾನು ಎದ್ದು ನಿಂತೆ. "ಏನಪ್ಪಾ, ಇವರು ಯಾರು ಅಂದ್ಕೊಂಡಿದೀಯಾ? ಏಪ್ರಿಲಲ್ಲಿ ಇವರಿಗೆ ಒಂದು ಬೀದಿ ಓಡೋಕೆ ಆಗ್ತಿರ್ಲಿಲ್ಲ. ಕೆಲಸ ಮುಗಿಸಿ ಬಂದು ದಿನಾ ಮೆಟ್ಟಿಲ ಮೇಲೆ ನಿಂತು ಕಾಲು ಗಟ್ಟಿ ಮಾಡ್ಕೊಂಡವರು. ಟ್ಯಾಂಕಿನ ಏರು ಹತ್ತಿದವರು, ನಿಲ್ಲದೆ! ನಿನ್ನ ವ್ಯಾನ್ ಆ ಏರು ಹತ್ತುತ್ತಾ? ಇವರು ನಿನ್ನ ವ್ಯಾನ್ ಹತ್ತೋದಿಲ್ಲ, ತಿಳ್ಕೋ, ಯಾಕಂದ್ರೆ..."

"ಮೇಡಂ," ಅಂದ ಡ್ರೈವರ್, "ಅವರು ಹೋದ್ರು."

ತಿರುಗಿ ನೋಡಿದೆ. ಅತ್ತಿಗೆ ಆಗಲೇ ಎದ್ದು, ಪಕ್ಕೆ ಹಿಡಿದುಕೊಂಡು, ಇಳಿಜಾರಿನಲ್ಲಿ ಓಡುತ್ತಿದ್ದರು. ಭುಜ ಇಳಿದಿತ್ತು, ಕೈ ಸಡಿಲವಾಗಿತ್ತು, ನೆಲ ನೋಡುತ್ತಿರಲಿಲ್ಲ. ಅವರನ್ನು ಹಿಡಿಯಲು ನಾನು ನಿಜವಾಗಿಯೂ ಓಡಬೇಕಾಯಿತು.

ಕೊನೆಯ ತಿರುವಿನಲ್ಲಿ ಗೇಟ್ ಕಂಡಿತು. ಅದಕ್ಕೆ ಕಟ್ಟಿದ ಬ್ಯಾನರ್ ಬಿಚ್ಚಲು ಏಣಿ ಹಾಕಿದ್ದರು. ಏಣಿಯ ಮೇಲೊಬ್ಬ, ಏಣಿಯ ಕೆಳಗೆ ನಮ್ಮಣ್ಣ, ಮೇಲಿನವನ ಕಾಲು ಹಿಡಿದುಕೊಂಡು. "ತಡಿಯಪ್ಪಾ, ತಡಿ! ನನ್ನ ಹೆಂಡತಿ ಬರ್ತಾ ಇದ್ದಾಳೆ!" ಮನೆಯಲ್ಲಿ ನಾಲ್ಕು ಮಾತಿಗೆ ಒಂದು ಆಡುವ ಮನುಷ್ಯ, ಇವತ್ತು ಇಡೀ ಮೈದಾನಕ್ಕೆ ಕೇಳುವ ಹಾಗೆ ಕೂಗುತ್ತಿದ್ದ. ಪಕ್ಕದಲ್ಲಿ ಮಿಂಚು, ಒಂದು ಕಂಕುಳಲ್ಲಿ ಕಪ್, ಬಾಯಲ್ಲಿ ಎರಡು ಬೆರಳಿಟ್ಟು ಸಿಳ್ಳೆ.

ಗೆರೆಯ ಹತ್ತಿರ ನಾನು ಒಂದು ಹೆಜ್ಜೆ ನಿಧಾನ ಮಾಡಿದೆ. ಅತ್ತಿಗೆ ಮೊದಲು ದಾಟಿದರು. ಕಣ್ಣೀರು, ಬೆವರು, ಯಾವುದು ಯಾವುದೋ ಗೊತ್ತಾಗಲಿಲ್ಲ. ಅಣ್ಣ ಏಣಿ ಬಿಟ್ಟು ಓಡಿ ಬಂದ, ಮೇಲಿದ್ದವನು ಬೈದ.

ಫಲಿತಾಂಶದ ಹಾಳೆ ಅಂಟಿಸಿದ್ದಾರೆ. ಎಲ್ಲರಿಗಿಂತ ಕೆಳಗೆ ನನ್ನ ಹೆಸರು, ಅದರ ಕೆಳಗೆ ಖಾಲಿ ಜಾಗ. ನಡುವೆ ಇದ್ದವರನ್ನು ಹುಡುಕಬೇಕು, ನಾನು ನೋಡಿದ ತಕ್ಷಣ ಕಾಣುತ್ತೇನೆ. ಅತ್ತಿಗೆಯದು ನನಗಿಂತ ಒಂದು ಸಾಲು ಮೇಲೆ. ಆ ಸಾಲಿನ ಫೋಟೋ ತೆಗೆದುಕೊಂಡೆ.

ನವೆಂಬರ್ 18

ಗೆರೆ ದಾಟುವಾಗ ತೆಗೆದ ಫೋಟೋ ಸೀಟಿ ಮಾಮ ಕಳಿಸಿದರು. ದೊಡ್ಡದು ಮಾಡಿಸಿ ಕನ್ನಡಿಯ ಅಂಚಿಗೆ ಸಿಕ್ಕಿಸಿದೆ. ಅತ್ತಿಗೆಯ ಎರಡೂ ಕೈ ಮೇಲೆ, ಬಾಯಿ ಪೂರಾ ತೆರೆದಿದೆ. ಚೆನ್ನಾಗಿ ಕಾಣಲ್ಲ, ತೆಗೆದುಹಾಕು ಅಂತ ಅವರು ಬಯ್ದರು. ನನ್ನ ಅಂಗಡಿ, ನನ್ನ ಕನ್ನಡಿ ಅಂದೆ.

ಮಧ್ಯಾಹ್ನ ಹೊಸಬರೊಬ್ಬರು ಬಂದರು. ಕತ್ತಿಗೆ ಬಟ್ಟೆ ಕಟ್ಟುತ್ತಿದ್ದಾಗ, "ಯಾರು ಇವರು?" ಅಂತ ಫೋಟೋ ತೋರಿಸಿ ಕೇಳಿದರು.

ಸ್ಟೂಲು ಎಳೆದುಕೊಂಡು ಕೂತು ಮೊದಲಿನಿಂದ ಹೇಳಿದೆ. ರೈಲು ನಿಲ್ದಾಣ, ಪಾರ್ಕು, ಟ್ಯಾಂಕಿನ ಏರು, ವ್ಯಾನಿನವನು, ಏಣಿ ಹಿಡಿದ ಅಣ್ಣ. ಹಿಂದಿನ ಕೂದಲು ಮುಗಿಯಿತು, ಎರಡೂ ಪಕ್ಕ ಮುಗಿಯಿತು, ಕಥೆ ಇನ್ನೂ ಇತ್ತು. ಅವರು ಕನ್ನಡಿಗೆ ಸ್ವಲ್ಪ ಬಾಗಿ ನೋಡಿದರು.

"ಹಿಂದೆ ಒಬ್ಬರು ಅರ್ಧ ಕಾಣ್ತಾರಲ್ಲ, ಅವರು?"

"ಅದು ನಾನು," ಅಂದೆ. "ಜೊತೆಗೆ ಹೋಗಿದ್ದೆ."